ಶಾಲೆ ಪಕ್ಕದ ವಿಷದ ಮಣ್ಣು: ಎತ್ತುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಆಷಾಢದ ಗಾಳಿ ಶುರುವಾಯಿತು ಅಂದರೆ ಕೆಜಿಎಫ್‌ನಲ್ಲಿ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಊರಿಗೆ ತಾಗಿಕೊಂಡೇ ನಿಂತಿರುವ ಸಯನೈಡ್ ಗುಡ್ಡಗಳಿಂದ ಹಿಟ್ಟಿನಷ್ಟು ನುಣ್ಣಗಿನ ಪುಡಿ ಎದ್ದು ಬರುತ್ತದೆ. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಮುಚ್ಚಳ ಇಲ್ಲದ ಕೊಡದಲ್ಲಿ ಬೀಳುತ್ತದೆ. ಗಾಳಿಯ ದಾರಿಯಲ್ಲಿ ಶಾಲೆ ಇದ್ದರೆ ಬೆಂಚಿನ ಮೇಲೂ ಕೂರುತ್ತದೆ. ಅಂಥ ಬೆಂಚಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಮಕ್ಕಳಿಗೆ ಅದೇ ಒಂದು ಸ್ಲೇಟು. ಹೆಸರು ಬರೆಯುತ್ತಾರೆ, ಅಳಿಸುತ್ತಾರೆ, ಅದೇ ಕೈಯಲ್ಲಿ ಬಿಸಿಯೂಟಕ್ಕೆ ಕೂರುತ್ತಾರೆ.

ಈ ಗುಡ್ಡಗಳು ದೇವರು ಮಾಡಿದ್ದಲ್ಲ. ಬ್ರಿಟಿಷರ ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಕೆಲಸ ಹಿಡಿಯಿತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಷ್ಟು ವರ್ಷ ಕೆಳಗಿನ ಬಂಡೆ ಮೇಲೆ ಬಂತು. ಅದನ್ನು ಪುಡಿ ಮಾಡಿದರು, ಸಯನೈಡ್ ಬೆರೆಸಿದ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡರು, ಉಳಿದ ಕೆಸರನ್ನು ಪಕ್ಕದಲ್ಲೇ ಸುರಿದರು. ಚಿನ್ನ ಊರು ಬಿಟ್ಟು ಹೋಯಿತು, ಕೆಸರು ಒಣಗಿ ಗುಡ್ಡವಾಯಿತು. ಈಗ ಲೆಕ್ಕದಲ್ಲಿರುವುದು 13 ಗುಡ್ಡ, ಸುಮಾರು 1,003 ಎಕರೆ, ಹತ್ತಿರ ಹತ್ತಿರ 3.3 ಕೋಟಿ ಟನ್ ಪುಡಿ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು. ಈ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸುದ್ದಿ ಬಂದಾಗ ಊರಿನಲ್ಲಿ ಎರಡು ಮಾತು ಹುಟ್ಟುವುದು ಸಹಜ. ಕೆಲಸ ಸಿಗುತ್ತದೆ, ಈ ಧೂಳಿನ ಕಾಟವೂ ಒಂದು ದಿನ ಮುಗಿಯುತ್ತದೆ ಅನ್ನುವುದು ಒಂದು. ಇಷ್ಟು ದಿನ ಸುಮ್ನೆ ಮಲಗಿದ್ದ ಗುಡ್ಡವನ್ನು ಕೆದಕಿದರೆ ಗತಿ ಏನು ಅನ್ನುವುದು ಇನ್ನೊಂದು. ಎರಡೂ ನಿಜವೇ. ಆದರೆ ಮೊದಲನೆಯದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಎರಡನೆಯದನ್ನು ‘ತಿಳಿವಳಿಕೆ ಇಲ್ಲದವರ ಭಯ’ ಎಂದು ಪಕ್ಕಕ್ಕಿಡುತ್ತಾರೆ. ಈ ಲೇಖನ ಆ ಎರಡನೆಯ ಭಯದ ಬಗ್ಗೆ.

ಕಾರ್ಖಾನೆಯ ವಿಷ ಇರುವ ಜಾಗಗಳಲ್ಲೆಲ್ಲ ಒಂದು ಗೊಣಗಾಟ ಕೇಳಿಬರುತ್ತದೆ. ‘ಸ್ವಚ್ಛ ಮಾಡಿ ಅಂತ ಜನರೇ ಗಲಾಟೆ ಮಾಡುತ್ತಾರೆ. ಮಾಡೋಕೆ ಹೋದರೆ ಅವರೇ ಬಂದು ಲಾರಿ ತಡೆಯುತ್ತಾರೆ.’ ಹೊರಗಿನವರಿಗೆ ಇದು ಹಟದ ಹಾಗೆ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ವಿಷದ ಮಣ್ಣು ಮಲಗಿರುವಾಗ ಅದರ ನಡೆ ನಿಧಾನ. ಒಂದಿಷ್ಟು ನೀರಿಗೆ ಇಳಿಯುತ್ತದೆ, ಒಂದಿಷ್ಟು ಗಾಳಿಗೆ ಏಳುತ್ತದೆ. ಜೆಸಿಬಿ ಬಾಯಿ ಹಾಕಿದ ದಿನದಿಂದ ಅದಕ್ಕೆ ಕಾಲು ಬರುತ್ತದೆ, ಚಕ್ರ ಬರುತ್ತದೆ. ಅಪ್ಪ ಅಮ್ಮಂದಿರು ಹೆದರುವುದು ಆ ದಿನಗಳಿಗೆ. ಅವರ ಹೆದರಿಕೆ ಸರಿ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ಊರು ದೊಡ್ಡ ಬೆಲೆ ಕೊಟ್ಟು ಸಾಕ್ಷಿ ಹೇಳಿದೆ.

ಆ ಊರಿನ ಹೆಸರು ಕಾರ್ಬಿ. ಉಕ್ಕಿನ ಕಾರ್ಖಾನೆಯನ್ನೇ ನಂಬಿ ಬೆಳೆದ ಊರು. 1980ರಲ್ಲಿ ಅಲ್ಲಿ ಉಕ್ಕು ತಯಾರಿಕೆ ನಿಂತಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಉಳಿದದ್ದು ಸುಮಾರು 680 ಎಕರೆ ಹಾಳು ಜಾಗ, ಅದರಲ್ಲಿ ಕೆಸರಿನ ಹೊಂಡಗಳು, ಬೂದಿ, ಕಿಟ್ಟ. ಸ್ಥಳೀಯ ಕೌನ್ಸಿಲ್ ಒಳ್ಳೆಯ ಉದ್ದೇಶದಿಂದಲೇ ಕೈ ಹಾಕಿತು. ಜಾಗ ಸ್ವಚ್ಛ ಮಾಡೋಣ, ಹೊಸ ಉದ್ಯಮ ತರೋಣ, ಊರು ಮತ್ತೆ ಎದ್ದು ನಿಲ್ಲಲಿ ಎಂಬ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪಾದದ್ದು ಕೆಲಸದ ರೀತಿಯಲ್ಲಿ. ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಡಯಾಕ್ಸಿನ್‌ನಂಥವು ಸೇರಿಕೊಂಡ ಕೆಸರನ್ನು ಅಗೆದು ಲಾರಿಗೆ ತುಂಬಿದರು. ಲಾರಿಗೆ ಸರಿಯಾಗಿ ಟಾರ್ಪಾಲು ಹೊದಿಸಲಿಲ್ಲ. ಹೊರಗೆ ಹೋಗುವ ಚಕ್ರಗಳನ್ನು ಸರಿಯಾಗಿ ತೊಳೆಯಲಿಲ್ಲ. ಊರಿನ ರಸ್ತೆಗಳಲ್ಲೇ ಸಾಗಿಸಿ ಹಳೆಯ ಕ್ವಾರಿಯಲ್ಲಿ ಸುರಿದರು. ದಾರಿಯುದ್ದಕ್ಕೂ ಕೆಸರು ಚೆಲ್ಲಿತು, ಒಣಗಿತು, ಮುಂದಿನ ಲಾರಿಯ ಚಕ್ರಕ್ಕೆ ಸಿಕ್ಕಿ ಪುಡಿಯಾಗಿ ಮೇಲೆದ್ದಿತು. ಅದೇ ರಸ್ತೆಯಲ್ಲಿ ಬಸುರಿಯರು ಅಂಗಡಿಗೆ ಹೋಗಿಬರುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆಯಿತು.

1980ರ ದಶಕದ ಕೊನೆಯಿಂದ ಆ ಊರಿನಲ್ಲಿ ಕೈಬೆರಳು, ಪಾದ ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟತೊಡಗಿದರು. ಮೊದಮೊದಲು ಒಬ್ಬ ತಾಯಿಗೆ ಇನ್ನೊಬ್ಬಳ ಕಥೆ ಗೊತ್ತಿರಲಿಲ್ಲ. ತಮ್ಮದೇ ಏನೋ ತಪ್ಪಿರಬೇಕು ಅಂದುಕೊಂಡು ಮನೆಯೊಳಗೆ ನುಂಗಿಕೊಂಡರು. 1999ರಲ್ಲಿ ಪತ್ರಿಕೆಯಲ್ಲಿ ವಿಷಯ ಬಂದ ಮೇಲೆ ಒಬ್ಬರಿಗೊಬ್ಬರು ಸಿಕ್ಕರು. 18 ಮಕ್ಕಳ ಪರವಾಗಿ ಕೇಸು ನಡೆಯಿತು. 2009ರ ಜುಲೈನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. 1985ರಿಂದ 1997ರವರೆಗೆ ಜಾಗ ಸ್ವಚ್ಛ ಮಾಡುವ ಕೆಲಸದಲ್ಲಿ ಕೌನ್ಸಿಲ್ ನಿರ್ಲಕ್ಷ್ಯ ಮಾಡಿದೆ, ಹೊರಗೆ ಹರಡಿದ ಆ ಪದಾರ್ಥಗಳಿಗೆ ಇಂಥ ದೋಷ ಉಂಟುಮಾಡುವ ಶಕ್ತಿ ಇತ್ತು ಎಂದಿತು. 2010ರಲ್ಲಿ ಕೌನ್ಸಿಲ್ ರಾಜಿಗೆ ಬಂದು ಪರಿಹಾರ ಕೊಟ್ಟಿತು.

ನಾನು ಕಾರ್ಬಿಯ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಅಲ್ಲಿ ಕೋರ್ಟು ಎದುರಿಗೆ ಇಟ್ಟುಕೊಂಡು ನೋಡಿದ್ದು ಕಾರ್ಖಾನೆ ನಡೆಯುತ್ತಿದ್ದ ಕಾಲವನ್ನಲ್ಲ, ಸ್ವಚ್ಛ ಮಾಡಿದ ಕಾಲವನ್ನು. ಬೇಕಾಗಿದ್ದ ಎಚ್ಚರಿಕೆಯೂ ಏನು ಮಹಾ ಅಲ್ಲ. ಒಂದು ಟಾರ್ಪಾಲು, ಒಂದು ನೀರಿನ ಪೈಪು, ಒಂದು ಬೇರೆ ರಸ್ತೆ, ಜೊತೆಗೆ ಈ ಕೆಲಸ ಗೊತ್ತಿರುವ ನಾಲ್ಕು ಜನ.

ಶಾಲೆ ಮತ್ತು ವಿಷದ ನೆಲ ಅಂದ ಕೂಡಲೇ ಲೋಕಕ್ಕೆಲ್ಲ ನೆನಪಾಗುವ ಹೆಸರು ಅಮೆರಿಕದ ಲವ್ ಕೆನಾಲ್. ನಯಾಗರ ಫಾಲ್ಸ್ ಊರಿನಲ್ಲಿ ಅರ್ಧಕ್ಕೆ ನಿಂತ ಒಂದು ಹಳೆಯ ಕಾಲುವೆ ಇತ್ತು. ಹೂಕರ್ ಕೆಮಿಕಲ್ ಕಂಪನಿ 1942ರಿಂದ ಸುಮಾರು 21,000 ಟನ್ ರಾಸಾಯನಿಕ ಕಸವನ್ನು ಅದರೊಳಗೆ ತುಂಬಿ ಮಣ್ಣು ಮುಚ್ಚಿತು. 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರ್‌ಗೆ ಬರೆದುಕೊಟ್ಟಿತು. ಒಳಗೆ ರಾಸಾಯನಿಕ ಇದೆ, ಮುಂದೆ ಏನಾದರೂ ಆದರೆ ನಮ್ಮ ಹೊಣೆ ಇಲ್ಲ ಎಂದು ಕ್ರಯಪತ್ರದಲ್ಲೇ ಬರೆಸಿತು. ಮಂಡಳಿ ಆ ಜಾಗದಲ್ಲಿ ಶಾಲೆ ಕಟ್ಟಿತು. ಕಟ್ಟುವಾಗ ಪೀಪಾಯಿಗಳು ಸಿಕ್ಕಿದ್ದಕ್ಕೆ ಕಟ್ಟಡವನ್ನು ಒಂದಿಷ್ಟು ಅಡಿ ಆಚೆ ಸರಿಸಿದರು, ಅಷ್ಟೇ. 1955ರಲ್ಲಿ ಮಕ್ಕಳು ಬಂದರು.

ಆ ಮಕ್ಕಳ ಆಟದ ಒಂದು ವಿವರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅಲ್ಲಿಯ ನೆಲದಲ್ಲಿ ರಂಜಕದ ಉಂಡೆಗಳು ಸಿಗುತ್ತಿದ್ದವು. ಎತ್ತಿ ಕಾಂಕ್ರೀಟಿಗೆ ಹೊಡೆದರೆ ಕಿಡಿ ಹಾರಿ ಪಟಾಕಿಯ ಹಾಗೆ ಸಿಡಿಯುತ್ತಿದ್ದವು. ಮಕ್ಕಳು ಅವಕ್ಕೆ ಬೆಂಕಿಕಲ್ಲು ಅಂತ ಹೆಸರಿಟ್ಟುಕೊಂಡು ಆಡಿದರು. ಯಾವ ಮಗು ತಾನೇ ಅಂಥ ಕಲ್ಲನ್ನು ಬಿಟ್ಟೀತು?

1970ರ ದಶಕದ ನಡುವೆ ಜೋರು ಮಳೆ, ಹಿಮ ಬಿದ್ದು ನೀರು ಮೇಲೆ ಬಂತು. ಮನೆಗಳ ನೆಲಮಾಳಿಗೆಯಲ್ಲಿ ಕಪ್ಪು ನೀರು ಒಸರತೊಡಗಿತು. ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯ ಮಗ ಅದೇ ಶಾಲೆಯಲ್ಲಿದ್ದ. ಅವನನ್ನು ಬೇರೆ ಶಾಲೆಗೆ ಹಾಕಿ ಅಂತ ಕೇಳಿದರೆ ಮಂಡಳಿ ಒಪ್ಪಲಿಲ್ಲ. ಆಕೆ ಮನೆ ಮನೆ ಬಾಗಿಲು ತಟ್ಟಿದರು. ಯಾರ ಮನೆಯಲ್ಲಿ ಯಾವ ಕಾಯಿಲೆ ಅಂತ ಬರೆದುಕೊಂಡು ನಕ್ಷೆಯ ಮೇಲೆ ಗುರುತು ಹಾಕಿದರು. ಅಧಿಕಾರಿಗಳು ಮೊದಲು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

1978ರ ಆಗಸ್ಟ್ 2ರಂದು ರಾಜ್ಯದ ಆರೋಗ್ಯ ಇಲಾಖೆ ತುರ್ತು ಆದೇಶ ಹೊರಡಿಸಿತು. ಶಾಲೆ ಮುಚ್ಚಿ, ಕಾಲುವೆಗೆ ತೀರಾ ಹತ್ತಿರ ಇರುವ ಬಸುರಿಯರು ಮತ್ತು 2 ವರ್ಷದೊಳಗಿನ ಮಕ್ಕಳು ಊರು ಬಿಡುವುದು ಒಳ್ಳೆಯದು ಎಂದಿತು. ಜನ ಸಿಟ್ಟಾಗಿದ್ದು ಇಲ್ಲೇ. ಎರಡು ವರ್ಷದ ಮಗುವಿಗೆ ಆಗದ ಗಾಳಿ ಮೂರು ವರ್ಷದ ಮಗುವಿಗೆ ಹೇಗೆ ಆಗುತ್ತದೆ? ಒಂದೇ ಮನೆಯಲ್ಲಿ ತಂಗಿ ಹೋಗಬೇಕು, ಅಣ್ಣ ಇರಬೇಕಾ? ಕೆಲವೇ ದಿನಗಳಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಿದರು, ಕಾಲುವೆಗೆ ಹತ್ತಿರದ 239 ಕುಟುಂಬಗಳನ್ನು ರಾಜ್ಯ ಸರ್ಕಾರ ಸ್ಥಳಾಂತರಿಸಿತು. ಉಳಿದವರು ಎರಡು ವರ್ಷ ಕಾದರು.

ಕಾಲುವೆಯ ಸುತ್ತ ಕಂದಕ ತೋಡಿ, ವಿಷದ ನೀರನ್ನು ಹಿಡಿದು ಶುದ್ಧ ಮಾಡಿ, ಮೇಲೆ ಜೇಡಿಮಣ್ಣು ಹೊದಿಸುವ ಕೆಲಸ ಶುರುವಾದಾಗ ಈ ಉಳಿದವರು ಒಂದು ಪ್ರಶ್ನೆ ಕೇಳಿದರು. ತೋಡುವಾಗ ಒಳಗಿರುವುದೇನಾದರೂ ಹತ್ತಿಕೊಂಡರೆ ನಾವು ಎಲ್ಲಿಗೆ ಓಡಬೇಕು? ಆಮೇಲೆ ಕೆಲಸ ನಡೆಯುವ ದಿನಗಳಲ್ಲಿ ಜನರನ್ನು ಕರೆದೊಯ್ಯಲು ಬೀದಿಯಲ್ಲಿ ಬಸ್ಸುಗಳನ್ನು ಸಿದ್ಧವಾಗಿ ನಿಲ್ಲಿಸಿದರು. ಕಾನೂನಿನಲ್ಲಿ ಇದ್ದ ವ್ಯವಸ್ಥೆ ಅದಲ್ಲ. ಕೇಳಿದ್ದಕ್ಕೆ ಸಿಕ್ಕಿದ್ದು.

ಈ ಹೋರಾಟದ ಬಲದಿಂದಲೇ 1980ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೂಪರ್‌ಫಂಡ್ ಕಾನೂನು ಬಂತು. ಕೆಡಿಸಿದವರಿಂದಲೇ ಸ್ವಚ್ಛ ಮಾಡಿಸುವ ಕಾನೂನು. ಆ ಕಾನೂನಿನಡಿ ಮಾಡಿದ ಕೆಟ್ಟ ಜಾಗಗಳ ಪಟ್ಟಿಯಿಂದ ಲವ್ ಕೆನಾಲ್ ಹೊರಬಂದದ್ದು 2004ರಲ್ಲಿ. ಕಸ ಇವತ್ತಿಗೂ ಬಹುಪಾಲು ಅಲ್ಲೇ ನೆಲದೊಳಗಿದೆ. ಬೇಲಿ ಹಾಕಿದ್ದಾರೆ, ಒಸರುವ ನೀರನ್ನು ಈಗಲೂ ಹಿಡಿದು ಶುದ್ಧ ಮಾಡುತ್ತಿದ್ದಾರೆ.

ಇಷ್ಟಕ್ಕೂ ಶಾಲೆ ಅಂತಲೇ ಯಾಕೆ ಬೇರೆಯಾಗಿ ಮಾತಾಡಬೇಕು? ದೊಡ್ಡವರಿಗೂ ಅದೇ ಗಾಳಿ, ಅದೇ ನೀರು ಅಲ್ವಾ?

ಮಗುವಿನ ದೇಹ ಚಿಕ್ಕದು, ಆದರೆ ದೇಹದ ತೂಕಕ್ಕೆ ಹೋಲಿಸಿದರೆ ಅದು ಉಸಿರಾಡುವ ಗಾಳಿ, ಕುಡಿಯುವ ನೀರು ದೊಡ್ಡವರಿಗಿಂತ ಜಾಸ್ತಿ. ಮೂಗು ನೆಲಕ್ಕೆ ಹತ್ತಿರ. ಕೈ ಬಾಯಿಗೆ ಹೋಗುವುದು ಲೆಕ್ಕವಿಲ್ಲದಷ್ಟು ಸಲ. ಸೀಸದ ಉದಾಹರಣೆ ನೋಡಿ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟರವರೆಗೆ ತೊಂದರೆ ಇಲ್ಲ ಎನ್ನಬಹುದಾದ ಮಟ್ಟವೇ ಸೀಸಕ್ಕೆ ಇಲ್ಲ. ಅದು ತಟ್ಟುವುದು ಬೆಳೆಯುತ್ತಿರುವ ಮಿದುಳಿಗೆ. ಮೇಲಾಗಿ ಶಾಲೆ ಅಂದರೆ ದಿನಕ್ಕೆ ಆರೇಳು ಗಂಟೆ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ. ಮೈದಾನದ ಮಣ್ಣಿನಲ್ಲಿ ಕಬಡ್ಡಿ ಆಡುವ ಮಗುವಿಗೆ ಮಣ್ಣೇ ಬಟ್ಟೆ.

ಇನ್ನು ‘ಸ್ವಚ್ಛವಾಯಿತು’ ಅನ್ನುವ ಮಾತಿಗೆ ಬರೋಣ. ಅದು ಒಂದು ಸಂಖ್ಯೆ. ಜಗಳ ಇರುವುದು ಆ ಸಂಖ್ಯೆಯ ಮೇಲೆ.

ಕೊಡೈಕೆನಾಲ್‌ನ ಪಾದರಸದ ಥರ್ಮಾಮೀಟರ್ ಕಾರ್ಖಾನೆ ಇದಕ್ಕೆ ಒಳ್ಳೆಯ ಉದಾಹರಣೆ. 1980ರ ದಶಕದಲ್ಲಿ ಅಮೆರಿಕದ ವಾಟರ್‌ಟೌನ್‌ನಿಂದ ಯಂತ್ರಗಳ ಸಮೇತ ಬಂದ ಕಾರ್ಖಾನೆ ಅದು. ಆಮೇಲೆ ಹಿಂದೂಸ್ತಾನ್ ಲಿವರ್ ಕೈಗೆ ಬಂತು. 2001ರ ಮಾರ್ಚ್‌ನಲ್ಲಿ ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ಪಾದರಸ ಅಂಟಿದ ಒಡೆದ ಗಾಜು 7.4 ಟನ್ ಸಿಕ್ಕಿತು. ಗುಜರಿ ರಾಶಿಯನ್ನು ನೋಡಿ ಗಲಾಟೆ ಎಬ್ಬಿಸಿದವರು ಊರಿನವರು ಮತ್ತು ಪರಿಸರ ಹೋರಾಟಗಾರರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಕಸವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸು ಕಳಿಸಿದರು. ಕೆಲಸಗಾರರ ಜೊತೆ ರಾಜಿಯಾಗಲು 2016 ಬರಬೇಕಾಯಿತು.

ಉಳಿದದ್ದು ಕಾರ್ಖಾನೆಯ ಮಣ್ಣು. ಕೆಜಿ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿದರೆ ಸಾಕು ಎಂದು ಗುರಿ ಇಟ್ಟರು. ಊರಿನವರು ಕೇಳಿದ್ದು 1 ಮಿಲಿಗ್ರಾಂ. ಅಷ್ಟು ಕೆಳಗೆ ಹೋಗಬೇಕಾದರೆ ಮರ ಕಡಿಯಬೇಕು, ಇಳಿಜಾರಿನ ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ ಅನ್ನುವುದು ಕಂಪನಿಯ ವಾದ. ಕೆಳಗೆ ಪಾಂಬಾರ್ ಶೋಲಾ ಕಾಡಿದೆ, ನೀರು ಹರಿಯುವುದೇ ಅತ್ತ, ಬಿಟ್ಟ ಪಾದರಸವೂ ಅಲ್ಲಿಗೇ ಹೋಗುತ್ತದೆ ಅನ್ನುವುದು ಊರಿನವರ ವಾದ. ಮರದ ಮಾತು ಸುಳ್ಳಲ್ಲ. ಇಳಿಜಾರಿನಲ್ಲಿ ಅಗೆಯುವುದು ನಿಜವಾಗಿಯೂ ಕಷ್ಟ. ಆದರೆ ಆ ಕಷ್ಟವನ್ನು ತೂಗಿ ನೋಡುವ ತಕ್ಕಡಿ ಯಾರ ಕೈಯಲ್ಲಿರಬೇಕು? ಖರ್ಚು ಮಾಡುವವರ ಕೈಯಲ್ಲಿ ಮಾತ್ರ ಇದ್ದರೆ ಅದು ಯಾವ ಕಡೆ ವಾಲುತ್ತದೆ ಅಂತ ಹೇಳಬೇಕಾಗಿಲ್ಲ.

ಹಾಗಾಗಿ ನಿಮ್ಮ ಊರಿನಲ್ಲಿ ಯಾರಾದರೂ ‘ಮಣ್ಣು ಸುರಕ್ಷಿತ’ ಅಂದರೆ ಯಾವ ಬಳಕೆಗೆ ಸುರಕ್ಷಿತ ಅಂತ ಕೇಳಿ. ಗೋಡೌನ್ ಕಟ್ಟಲು ಸರಿ ಇರುವ ಮಣ್ಣು ಅಂಗನವಾಡಿಯ ಅಂಗಳಕ್ಕೆ ಸರಿ ಇರಬೇಕೆಂದಿಲ್ಲ.

ಎತ್ತಿದ ವಿಷ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಂದಿನ ಪ್ರಶ್ನೆ. 2025ರ ಹೊಸ ವರ್ಷದ ದಿನ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಅಂಗಳದಿಂದ 12 ಕಂಟೇನರ್‌ಗಳು ಪೊಲೀಸ್ ಕಾವಲಿನಲ್ಲಿ ಹೊರಟವು. ಒಳಗೆ 337 ಟನ್ ಕಸ. 1984ರ ಡಿಸೆಂಬರ್‌ನ ಆ ರಾತ್ರಿ ಕಳೆದು 40 ವರ್ಷವಾಗಿತ್ತು. ಹೈಕೋರ್ಟ್ ಗದರಿದ ಮೇಲೆ ಹೊರಟದ್ದು. 250 ಕಿಲೋಮೀಟರ್ ದಾಟಿ ಪೀಥಂಪುರ ತಲುಪಿದಾಗ ಆ ಊರು ಬೀದಿಗಿಳಿಯಿತು. ಭೋಪಾಲದ ವಿಷ ನಮ್ಮ ಮಕ್ಕಳಿಗೆ ಯಾಕೆ ಎಂದು ಕೇಳಿತು. ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೋದರು. ಮೊದಲೇ ಕೂತು ಮಾತಾಡಿದ್ದರೆ ಅಷ್ಟು ದೂರ ಹೋಗುತ್ತಿತ್ತೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆಮೇಲೆ ಪ್ರಯೋಗಕ್ಕೆ 10 ಟನ್‌ನಂತೆ ಮೂರು ಸಲ ಸುಟ್ಟು ನೋಡಿದರು. 2025ರ ಜೂನ್ ಕೊನೆಗೆ ಎಲ್ಲ ಸುಟ್ಟು ಮುಗಿಯಿತು.

ಆದರೆ ಕಥೆ ಮುಗಿಯಲಿಲ್ಲ. ಸುಡುವಾಗ ಸುಣ್ಣ ಮತ್ತಿತರ ಪದಾರ್ಥ ಸೇರಿಸುತ್ತಾರೆ. ಹಾಗಾಗಿ 337 ಟನ್ ಕಸ ಸುಟ್ಟು ಉಳಿದ ಬೂದಿ ಮತ್ತು ಶೇಷ 800 ಟನ್‌ಗೂ ಹೆಚ್ಚು. ಈಗ ಅದನ್ನು ಎಲ್ಲಿ ಹೂಳಬೇಕು ಅನ್ನುವ ಜಗಳ ಮತ್ತೆ ಕೋರ್ಟಿಗೆ ಹೋಯಿತು. ಇನ್ನೂ ದೊಡ್ಡ ಮಾತು ಬೇರೆ ಇದೆ. ಭೋಪಾಲದ ಕಾರ್ಖಾನೆ ಅಂಗಳದಲ್ಲಿ ಕೆಟ್ಟಿರುವ ಮಣ್ಣು ಸುಮಾರು 11 ಲಕ್ಷ ಟನ್ ಎಂದು 2010ರಲ್ಲೇ ರಾಷ್ಟ್ರೀಯ ಸಂಸ್ಥೆಗಳು ಅಂದಾಜು ಮಾಡಿದ್ದವು. ಅದು ಇನ್ನೂ ಅಲ್ಲೇ ಇದೆ. ಸುತ್ತಲಿನ ಬಸ್ತಿಗಳ ಮಕ್ಕಳೂ ಅಲ್ಲೇ ಇದ್ದಾರೆ.

ದುಡ್ಡಿನ ವಿಷಯವನ್ನು ಬೇಗ ಹೇಳಿಬಿಡುತ್ತೇನೆ, ಯಾಕಂದರೆ ಅದು ಎಲ್ಲ ಕಡೆ ಒಂದೇ ಥರ ಇದೆ. ಅಮೆರಿಕದ ಲಾಸ್ ಏಂಜಲಿಸ್ ಪಕ್ಕದ ವೆರ್ನನ್‌ನಲ್ಲಿ ಎಕ್ಸೈಡ್ ಕಂಪನಿ ಹಳೆಯ ಬ್ಯಾಟರಿ ಕರಗಿಸುತ್ತಿತ್ತು. 2015ರಲ್ಲಿ ಮುಚ್ಚಿತು. ಸುತ್ತಲಿನ ಸುಮಾರು 10,000 ಮನೆ, ಶಾಲೆ, ಪಾರ್ಕುಗಳ ಮಣ್ಣಿನಲ್ಲಿ ಸೀಸದ ಭಯ. 2020ರಲ್ಲಿ ಕಂಪನಿ ದಿವಾಳಿ ಕೋರ್ಟಿನ ಒಪ್ಪಿಗೆ ಪಡೆದು ಜಾಗ ಬಿಟ್ಟು ಹೋಯಿತು. ಬಿಲ್ಲು ಜನರ ತೆರಿಗೆ ಹಣದ ಮೇಲೆ ಬಿತ್ತು. ಇನ್ನೂ ಬೇಸರದ ವಿಷಯ ಅಂದರೆ, ಸ್ವಚ್ಛ ಮಾಡಿ ಮುಗಿಸಿದ ಎಷ್ಟೋ ಅಂಗಳಗಳನ್ನು ಸ್ವತಂತ್ರ ಸಂಶೋಧಕರು ಮತ್ತೆ ಪರೀಕ್ಷೆ ಮಾಡಿದಾಗ ಸೀಸ ಮಿತಿಗಿಂತ ಮೇಲೆಯೇ ಇತ್ತು. ಕೆಲಸ ಮಾಡಿದವರು ಒಬ್ಬರು, ಸರಿಯಾಗಿದೆಯಾ ಅಂತ ನೋಡುವವರು ಇನ್ನೊಬ್ಬರು ಆಗಿರಬೇಕು ಅನ್ನುವುದು ಇದಕ್ಕೇ.

ನಮ್ಮ ದೇಶದ ಕಡೆ ಬಂದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಇಂಥ ಕೆಟ್ಟ ಜಾಗಗಳು 103. ಸ್ವಚ್ಛ ಮಾಡುವ ಕೆಲಸ ಶುರುವಾಗಿರುವುದು 7 ಕಡೆ ಮಾತ್ರ ಎಂದು 2025ರಲ್ಲಿ ವರದಿಯಾಯಿತು. ಆ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಮೊದಲ ಸಲ ಕೆಟ್ಟ ಜಾಗಗಳ ನಿರ್ವಹಣೆಗೇ ಪ್ರತ್ಯೇಕ ನಿಯಮ ತಂದಿತು. ಇದು ಬರಲೇಬೇಕಿತ್ತು. ನಿಯಮದ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನ ಇರುವ ಜಾಗಗಳ ವರದಿ ಕೊಡಬೇಕು. ರಾಜ್ಯ ಮಂಡಳಿ 90 ದಿನದಲ್ಲಿ ಮೊದಲ ತಪಾಸಣೆ ಮಾಡಬೇಕು. ಆಮೇಲೆ ಮೂರು ತಿಂಗಳಲ್ಲಿ ಪೂರ್ತಿ ಸರ್ವೆ. ವಿಷ ಇದೆ ಅಂತ ಖಚಿತವಾದರೆ ಊರಿಗೆಲ್ಲ ತಿಳಿಸಬೇಕು, ಆ ಜಾಗಕ್ಕೆ ಹೋಗದಂತೆ ತಡೆಯಬೇಕು. ಕೆಡಿಸಿದವರು ಯಾರು ಅಂತ ಹುಡುಕಿ ಅವರಿಂದ ಖರ್ಚು ವಸೂಲು ಮಾಡಬೇಕು. ಅವರಿಂದ ಆಗದಿದ್ದರೆ ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳಬೇಕು.

ಹುಡುಕುವುದಕ್ಕೆ ಗಡುವು ಇದೆ. ಆದರೆ ಜಾಗ ಕೆಟ್ಟಿದೆ ಅಂತ ಖಚಿತವಾದ ಮೇಲೆ ಇಂತಿಷ್ಟು ದಿನದಲ್ಲಿ ಸ್ವಚ್ಛ ಮಾಡಿ ಮುಗಿಸಬೇಕು ಎಂಬ ಗಡುವು ಇಲ್ಲ. ಒಂದನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವಷ್ಟು ಕಾಲ ಒಂದು ಜಾಗ ‘ಪರಿಶೀಲನೆಯಲ್ಲಿದೆ’ ಅಂತ ಇರಬಹುದು. ಪಕ್ಕದ ತಮಿಳುನಾಡಿನ ರಾಣಿಪೇಟೆಯನ್ನೇ ನೋಡಿ. ಅಲ್ಲಿ ಬಾಗಿಲು ಹಾಕಿದ ಕ್ರೋಮೇಟ್ ಕಾರ್ಖಾನೆ ಬಿಟ್ಟುಹೋದ ಕ್ರೋಮಿಯಂ ಕಸ ಒಂದೂವರೆ ಲಕ್ಷ ಟನ್‌ಗೂ ಹೆಚ್ಚು. ದಶಕಗಳಿಂದ ಬಯಲಿನಲ್ಲಿ ಬಿದ್ದಿದೆ. ಮಳೆ ಬಂದಾಗ ಹಳದಿ ನೀರು ಹರಿಯುತ್ತದೆ. ರಾಣಿಪೇಟೆ ಇರುವುದು ಪಾಲಾರ್ ನದಿಯ ದಡದಲ್ಲಿ. ಕೆಜಿಎಫ್‌ನ ಮಳೆನೀರು ಹರಿದು ಹೋಗುವುದೂ ಅದೇ ಪಾಲಾರ್ ಕಡೆಗೆ.

ಕೆಜಿಎಫ್‌ನವರು ಗಮನಿಸಬೇಕಾದ ಇನ್ನೊಂದು ಅಂಶ ಆ ನಿಯಮದಲ್ಲಿದೆ. ಗಣಿಗಾರಿಕೆಯಿಂದ ಆದ ಮಾಲಿನ್ಯಕ್ಕೆ ಬೇರೆ ಕಾನೂನು ಇದೆ ಎಂದು ಅದನ್ನು ಹೊರಗಿಟ್ಟಿದ್ದಾರೆ. ಬೇರೆ ವಿಷ ಬೆರೆತು ಮಿತಿ ದಾಟಿದ ಕಡೆ ಅನ್ವಯಿಸಲು ಅವಕಾಶ ಇಟ್ಟಿದ್ದಾರೆ ನಿಜ. ಆದರೆ ಸಯನೈಡ್ ಗುಡ್ಡ ಯಾವ ಬಾಗಿಲಲ್ಲಿ ಒಳಗೆ ಬರುತ್ತದೆ ಅನ್ನುವುದನ್ನು ಯಾರಾದರೂ ಬರೆದು ಕೊಡಬೇಕು. ಇಲ್ಲದಿದ್ದರೆ ಗಣಿ ಇಲಾಖೆ ಪರಿಸರದವರನ್ನು ತೋರಿಸುತ್ತದೆ, ಪರಿಸರದವರು ಗಣಿಯವರನ್ನು ತೋರಿಸುತ್ತಾರೆ. ನಡುವೆ ಧೂಳು ಎಂದಿನ ಹಾಗೆ ಬೆಂಚಿನ ಮೇಲೆ ಕೂರುತ್ತದೆ.

ಗುಡ್ಡದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇದೆ, ಹೇಳಲೇಬೇಕು. ಹೆಸರು ಸಯನೈಡ್ ಗುಡ್ಡ ಆದ್ದರಿಂದ ಎಲ್ಲರಿಗೂ ಸಯನೈಡ್‌ದೇ ಭಯ. ಬಿಸಿಲಿಗೆ, ಗಾಳಿಗೆ ತೆರೆದುಕೊಂಡ ಮೇಲ್ಪದರದಲ್ಲಿ ಸಯನೈಡ್ ಕಾಲಕ್ರಮೇಣ ಬಹುಪಾಲು ಒಡೆದುಹೋಗುತ್ತದೆ. ಒಡೆಯದೆ ಉಳಿಯುವುದು ನುಣ್ಣಗೆ ಅರೆದ ಕಲ್ಲಿನ ಪುಡಿ, ಅಂದರೆ ಸಿಲಿಕಾ, ಜೊತೆಗೆ ಬಂಡೆಯಲ್ಲೇ ಇದ್ದ ಲೋಹಗಳು. ಗಣಿಯೊಳಗೆ ದುಡಿದವರ ಎದೆಯನ್ನು ಸಿಲಿಕೋಸಿಸ್ ಹೇಗೆ ತಿಂದಿತು ಅಂತ ಆ ಊರಿಗೆ ಬೇರೆಯವರು ಹೇಳಬೇಕಾಗಿಲ್ಲ. ಆ ಕಾಯಿಲೆ ತಂದದ್ದೂ ಕಲ್ಲಿನ ಪುಡಿಯೇ. ಹಾಗಾಗಿ ‘ಸಯನೈಡ್ ಪರೀಕ್ಷೆ ಮಾಡಿದ್ದೇವೆ, ಏನೂ ಇಲ್ಲ’ ಎಂದು ಯಾರಾದರೂ ಕಾಗದ ತೋರಿಸಿದರೆ ಅಷ್ಟಕ್ಕೇ ಸುಮ್ಮನಾಗಬಾರದು. ಸಿಲಿಕಾ ಎಷ್ಟು? ಆರ್ಸೆನಿಕ್ ನೋಡಿದ್ದೀರಾ? ಮೇಲಿನ ಮಣ್ಣು ಮಾತ್ರ ತೆಗೆದಿರಾ ಅಥವಾ ಗುಡ್ಡದ ಹೊಟ್ಟೆಯಿಂದಲೂ ತೆಗೆದಿರಾ? ಅಗೆದಾಗ ಹೊರಬರುವುದು ಹೊಟ್ಟೆಯ ಮಣ್ಣು.

ಗುಡ್ಡ ಎತ್ತುವ ಯೋಜನೆ ಬೇಡ ಅಂತ ನಾನು ಹೇಳುತ್ತಿಲ್ಲ. ಇನ್ನೂ ನೂರು ವರ್ಷ ಆ ಪುಡಿ ಹಾಗೇ ಹಾರುತ್ತಿರಲಿ ಅನ್ನುವುದು ನ್ಯಾಯವಲ್ಲ. ಚಿನ್ನದ ಪ್ರಮಾಣ ಟನ್‌ಗೆ ಒಂದು ಗ್ರಾಂ ಆಸುಪಾಸು ಅನ್ನುತ್ತಾರೆ. ಅಂದರೆ ಎತ್ತಿದ ಪುಡಿ ಅಷ್ಟಕ್ಕಷ್ಟೂ ಮತ್ತೆ ಎಲ್ಲೋ ಸುರಿಯಲೇಬೇಕು. ಚಿನ್ನ ತೆಗೆಯುವುದು ಬೇರೆ, ಜಾಗ ಸ್ವಚ್ಛ ಮಾಡುವುದು ಬೇರೆ. ಎರಡನ್ನೂ ಒಂದೇ ಟೆಂಡರಿನಲ್ಲಿ ಕಟ್ಟದಿದ್ದರೆ ಮೊದಲನೆಯದು ಮಾತ್ರ ನಡೆಯುತ್ತದೆ. ಎರಡನೇ ಸಲ ಸುರಿಯುವ ರಾಶಿಗೆ ತಳದಲ್ಲಿ ಪದರ ಹಾಕುತ್ತಾರಾ, ಮೇಲೆ ಮಣ್ಣು ಹೊದಿಸಿ ಹುಲ್ಲು ಬೆಳೆಸುತ್ತಾರಾ, ಅದಕ್ಕೆ ಬೇಕಾದ ಹಣವನ್ನು ಮುಂಗಡವಾಗಿ ಠೇವಣಿ ಇಡಿಸಿಕೊಂಡಿದ್ದಾರಾ ಅನ್ನುವುದನ್ನು ಈಗಲೇ ಕೇಳಬೇಕು.

ಕೇಳಲು ಜಾಗವೂ ಇದೆ. ದೊಡ್ಡ ಗಣಿ ಯೋಜನೆಗಳಿಗೆ ಪರಿಸರ ಅನುಮತಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂಬುದು 2006ರಿಂದ ಇರುವ ನಿಯಮ. ಆ ಸಭೆಗೆ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಹೋಗಬೇಕು, ಅದೂ ಪಟ್ಟಿ ಹಿಡಿದುಕೊಂಡು. ಯಾವ ಶಾಲೆ ಯಾವ ಗುಡ್ಡಕ್ಕೆ ಎಷ್ಟು ಮೀಟರ್ ದೂರ, ಯಾವ ತಿಂಗಳು ಗಾಳಿ ಯಾವ ಕಡೆಯಿಂದ, ಮಕ್ಕಳು ನಡೆದು ಬರುವ ರಸ್ತೆ ಯಾವುದು, ಕುಡಿಯುವ ನೀರು ಎಲ್ಲಿಂದ. ಲಾರಿಗಳು ಶಾಲೆಯ ಮುಂದಿನ ರಸ್ತೆಯಲ್ಲಿ ಓಡುತ್ತವಾ? ಓಡುವುದಾದರೆ ಬೆಲ್ ಹೊಡೆಯುವ ಹೊತ್ತಿಗೂ ಓಡುತ್ತವಾ? ಮಕ್ಕಳ ಆರೋಗ್ಯವನ್ನು ಕೆಲಸ ಶುರುವಾಗುವ ಮುಂಚೆಯೇ ಒಂದು ಸಲ ಪರೀಕ್ಷೆ ಮಾಡಿ ಬರೆದಿಡುತ್ತಾರಾ? ಹಾಗೆ ಬರೆದಿಡದೇ ಹೋದರೆ ಮುಂದೆ ಯಾವ ತಾಯಿಯೂ ಏನನ್ನೂ ಸಾಬೀತು ಮಾಡಲಾರಳು. ಕಾರ್ಬಿಯ ತಾಯಂದಿರಿಗೆ ಮೊದಲ ಮಗು ಹುಟ್ಟಿದ್ದರಿಂದ ತೀರ್ಪಿನವರೆಗೆ ಇಪ್ಪತ್ತು ವರ್ಷದ ಹತ್ತಿರ ಹಿಡಿಯಿತು.

ಸಮಯದ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ. ಶಾಲೆಗೆ ತೀರಾ ಹತ್ತಿರ ಇರುವ ಭಾಗವನ್ನು ರಜೆಯಲ್ಲಿ ಮುಗಿಸುತ್ತೇವೆ ಅಂದರೆ ಎಲ್ಲರಿಗೂ ಬೇಸಿಗೆ ರಜೆ ನೆನಪಾಗುತ್ತದೆ. ಆದರೆ ಬೇಸಿಗೆಯಲ್ಲಿ ಮಣ್ಣು ಒಣಗಿ ಪುಡಿಯಾಗಿರುತ್ತದೆ, ಮಕ್ಕಳೂ ಮನೆಯಲ್ಲಿ, ಅಂದರೆ ಅದೇ ಗಣಿ ಕೆಲಸಗಾರರ ಲೈನ್ ಮನೆಗಳ ಬೀದಿಯಲ್ಲೇ ಇರುತ್ತಾರೆ. ದಸರಾ ರಜೆ ಚಿಕ್ಕದಾದರೂ ಆಗ ಮಳೆ ಬಿದ್ದು ನೆಲ ಹಸಿ ಇರುತ್ತದೆ, ಆಷಾಢದ ಗಾಳಿಯ ಜೋರೂ ಇಳಿದಿರುತ್ತದೆ. ಎಷ್ಟು ಎತ್ತಬೇಕು ಅನ್ನುವುದಕ್ಕಿಂತ ಯಾವಾಗ ಎತ್ತಬಾರದು ಅನ್ನುವ ಪಟ್ಟಿ ಮೊದಲು ಆಗಲಿ. ಗಾಳಿ ಇಷ್ಟು ಜೋರಾದರೆ ಆ ದಿನದ ಕೆಲಸ ಬಂದ್ ಎಂದು ಒಪ್ಪಂದದಲ್ಲೇ ಬರೆಯಲಿ.

ಇನ್ನೊಂದು ಕೆಲಸಕ್ಕೆ ದೊಡ್ಡ ಖರ್ಚೇನೂ ಇಲ್ಲ. ಧೂಳು ಅಳೆಯುವ ಯಂತ್ರವನ್ನು ಹೇಗೂ ಗುಡ್ಡದ ಅಂಚಿನಲ್ಲಿ ಇಡಬೇಕಾಗುತ್ತದೆ. ಹಾಗೇ ಶಾಲೆಯ ಕಾಂಪೌಂಡಿನ ಒಳಗೂ ಒಂದು ಇಡಲಿ. ಅದು ತೋರಿಸುವ ಸಂಖ್ಯೆ ಯಾವುದೋ ಕಚೇರಿಯ ಕಂಪ್ಯೂಟರಿಗೆ ಹೋಗಿ ಮೂರು ತಿಂಗಳ ಮೇಲೆ ವರದಿಯಾಗಿ ಬರುವುದು ಬೇಡ. ದಿನಾ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಏಳನೇ ತರಗತಿಯ ಇಬ್ಬರು ಮಕ್ಕಳು ಅದನ್ನು ಓದಿ, ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ಕನ್ನಡದಲ್ಲಿ, ತಮಿಳಿನಲ್ಲಿ ಬರೆಯಲಿ: ನಿನ್ನೆ ಇಷ್ಟಿತ್ತು, ಇವತ್ತು ಇಷ್ಟಿದೆ, ಮಿತಿ ಇಷ್ಟು. ಮಗುವನ್ನು ಬಿಟ್ಟು ಹೋಗಲು ಬಂದ ಅಪ್ಪ ಅಮ್ಮ ಅಲ್ಲೇ ನಿಂತು ಓದುತ್ತಾರೆ.